ಊದುಗೊಳವೆಯ ಮೊಮ್ಮಗ: ಅಡುಗೆಮನೆಯ ಗ್ಯಾಸ್ ಟಾರ್ಚ್ ಹೇಗೆ ಕೆಲಸ ಮಾಡುತ್ತದೆ?

ಇಂಡಕ್ಷನ್ ಒಲೆ ಬಂದ ಮನೆಗಳಲ್ಲಿ ಮೊದಲು ಕಾಣೆಯಾಗುವುದು ಸುಟ್ಟ ಬದನೆಕಾಯಿಯ ಗೊಜ್ಜು. ಅನ್ನ, ಸಾರು, ಪಲ್ಯ, ಹಾಲು ಎಲ್ಲಕ್ಕೂ ಆ ಗಾಜಿನ ಹಲಗೆ ಸಾಕು. ಆದರೆ ಬದನೆಕಾಯಿಗೆ ಎಣ್ಣೆ ಸವರಿ ಉರಿಯ ಮೇಲೆ ಇಡೋಣವೆಂದರೆ ಅಲ್ಲಿ ಉರಿಯೇ ಇಲ್ಲ. ಹಪ್ಪಳ ಸುಡುವುದಕ್ಕೂ, ಜೋಳದ ತೆನೆ ಸುಡುವುದಕ್ಕೂ, ಬಾಳೆ ಎಲೆ ಬಾಡಿಸುವುದಕ್ಕೂ ಇದೇ ಪಾಡು. ಹೀಗಿರುವಾಗ ಮೊಬೈಲಿನಲ್ಲಿ ಒಂದು ವಿಡಿಯೊ ಎದುರಾಗುತ್ತದೆ: ಯಾರೋ ಪಿಸ್ತೂಲಿನಂತಹ ಸಾಧನವೊಂದನ್ನು ಹಿಡಿದು ಗುಂಡಿ ಒತ್ತುತ್ತಾರೆ, ‘ಭುಸ್’ ಎಂದು ನೀಲಿ ಜ್ವಾಲೆ ಹೊಮ್ಮುತ್ತದೆ, ತಟ್ಟೆಯಲ್ಲಿರುವುದು ನೋಡನೋಡುತ್ತಿದ್ದಂತೆ ಹೊಂಬಣ್ಣಕ್ಕೆ ತಿರುಗುತ್ತದೆ. ಬೆಲೆ ನೋಡಿದರೆ ಒಂದು ಒಳ್ಳೆಯ ಬಾಣಲೆಯಷ್ಟೂ ಇಲ್ಲ.

ನಾನೂ ಒಂದನ್ನು ತರಿಸಿದೆ. ಮೊದಲ ದಿನವೇ ಗುಂಡು ಬದನೆಕಾಯಿಯ ಮೇಲೆ ಪ್ರಯೋಗ. ಮೂರೇ ನಿಮಿಷದಲ್ಲಿ ಸಿಪ್ಪೆ ಇದ್ದಿಲಾಯಿತು. ಗೆದ್ದೆ ಎಂದುಕೊಂಡು ಸುಲಿದು ಒತ್ತಿ ನೋಡಿದರೆ, ತಿರುಳು ಸಂತೆಯಿಂದ ತಂದಾಗ ಹೇಗಿತ್ತೋ ಹಾಗೇ ಗಟ್ಟಿಯಾಗಿತ್ತು. ಸಾವಿರ ಡಿಗ್ರಿಯನ್ನೂ ಮೀರಿದ ಬೆಂಕಿಗೆ ಒಂದು ಬದನೆಕಾಯಿ ಬೇಯಲಿಲ್ಲ! ಇದು ಹೇಗೆ ಎಂಬುದು ಅರ್ಥವಾದರೆ ಈ ಸಾಧನದ ಮುಕ್ಕಾಲು ಪಾಲು ಅರ್ಥವಾದಂತೆ.

ಹೆಸರಿನ ಗೊಂದಲ, ಹಳೆಯ ನೆಂಟಸ್ತಿಕೆ

ನಮ್ಮಲ್ಲಿ ಟಾರ್ಚ್ ಎಂದರೆ ಕರೆಂಟು ಹೋದಾಗ ಹುಡುಕುವ ದೀಪ. ಇಲ್ಲಿ ಮಾತಾಡುತ್ತಿರುವುದು ಬೆಂಕಿಯ ಟಾರ್ಚ್. ಅಂಗಡಿಗಳಲ್ಲಿ ಕಿಚನ್ ಟಾರ್ಚ್, ಗ್ಯಾಸ್ ಟಾರ್ಚ್, ಬ್ಲೋ ಟಾರ್ಚ್, ಫ್ಲೇಮ್ ಗನ್ ಎಂದೆಲ್ಲ ಕರೆಯುತ್ತಾರೆ. ಅಂಗೈಯಲ್ಲಿ ಹಿಡಿಯಬಹುದಾದ, ಕಿರಿದಾದ ಚೂಪು ಜ್ವಾಲೆಯನ್ನು ನಾವು ತೋರಿಸಿದ ಕಡೆಗೆ ಉಗುಳುವ ಪುಟ್ಟ ಗ್ಯಾಸ್ ಒಲೆ ಎಂದುಕೊಂಡರೆ ಸಾಕು.

ರೂಪ ಹೊಸದು, ಉಪಾಯ ಹಳೆಯದು. ಸೌದೆ ಒಲೆಯ ಮುಂದೆ ಕುಳಿತು ಊದುಗೊಳವೆಯಲ್ಲಿ ಗಾಳಿ ಊದಿದವರಿಗೆ ಗೊತ್ತು: ಉಸಿರು ಸೇರಿದ ಕೂಡಲೇ ಮಂಕಾದ ಕೆಂಡ ಕೆಂಪಗೆ ಹೊಳೆಯುತ್ತದೆ, ಉರಿ ಊದಿದ ದಿಕ್ಕಿಗೆ ನಾಲಿಗೆ ಚಾಚುತ್ತದೆ. ಅಕ್ಕಸಾಲಿಗರು ಇದನ್ನೇ ಇನ್ನೂ ಸೂಕ್ಷ್ಮವಾಗಿ ಮಾಡುತ್ತಿದ್ದರು. ದೀಪದ ಜ್ವಾಲೆಗೆ ಸಣ್ಣ ಕೊಳವೆಯಿಂದ ಬಾಯಲ್ಲೇ ಊದಿ, ಅದನ್ನು ಸೂಜಿಯಂತೆ ಬಾಗಿಸಿ, ಓಲೆಯ ಬೆಸುಗೆ ಇರುವ ಜಾಗಕ್ಕಷ್ಟೇ ತಾಗಿಸುತ್ತಿದ್ದರು. ಉರಿಗೆ ಗಾಳಿ ಕೊಡು, ಅದನ್ನು ಒಂದೆಡೆಗೆ ತಿರುಗಿಸು. ಅಡುಗೆಮನೆಯ ಟಾರ್ಚ್ ಮಾಡುವುದೂ ಇಷ್ಟೇ. ಊದುವ ಶ್ರಮ ಮಾತ್ರ ನಮ್ಮದಲ್ಲ.

ಮಾಂಸದಂಗಡಿಗಳಲ್ಲಿ ಕುರಿಯ ತಲೆ, ಕಾಲುಗಳ ಕೂದಲು ಸುಡಲು ಸಿಲಿಂಡರಿಗೆ ಕೊಳವೆ ಜೋಡಿಸಿದ ದೊಡ್ಡ ಟಾರ್ಚ್ ಬಳಸುವುದನ್ನು ನೀವು ನೋಡಿರಬಹುದು. ಅದು ಇದರ ಅಣ್ಣ. ಅದನ್ನು ಮನೆಗೆ ತರುವ ಗೋಜು ಬೇಡ.

ಒಳಗೆ ಏನಿದೆ

ಟಾರ್ಚಿನ ಹೊಟ್ಟೆಯಲ್ಲಿರುವುದು ಬ್ಯೂಟೇನ್ ಎಂಬ ಇಂಧನ. ನಮ್ಮ ಮನೆಯ ಎಲ್‌ಪಿಜಿ ಕೂಡ ಬ್ಯೂಟೇನ್ ಮತ್ತು ಪ್ರೊಪೇನ್‌ಗಳ ಮಿಶ್ರಣವೇ. ಬ್ಯೂಟೇನ್‌ನ ಕುದಿಯುವ ಬಿಂದು ಸೊನ್ನೆಗಿಂತ ಅರ್ಧ ಡಿಗ್ರಿ ಕೆಳಗೆ. ಅಂದರೆ ನಮ್ಮ ಊರಿನ ಯಾವ ಚಳಿಯಲ್ಲೂ ಅದನ್ನು ತೆರೆದ ಪಾತ್ರೆಯಲ್ಲಿ ಇಟ್ಟರೆ ಕುದಿದು ಅನಿಲವಾಗಿ ಹಾರಿಹೋಗುತ್ತದೆ. ಡಬ್ಬಿಯಲ್ಲಿ ಮುಚ್ಚಿಟ್ಟಾಗ ಮೇಲೆ ಸೇರಿದ ಅನಿಲವೇ ಕೆಳಗಿನ ದ್ರವವನ್ನು ಒತ್ತಿ ಹಿಡಿಯುತ್ತದೆ. ಹಾಗಾಗಿ ಬಹುಪಾಲು ಇಂಧನ ದ್ರವವಾಗಿಯೇ ಉಳಿಯುತ್ತದೆ. ದ್ರವ ಅನಿಲವಾದಾಗ ಇನ್ನೂರಕ್ಕೂ ಹೆಚ್ಚು ಪಟ್ಟು ಹಿಗ್ಗುತ್ತದೆ. ಅಷ್ಟು ಪುಟ್ಟ ಡಬ್ಬಿ ಅಷ್ಟು ಹೊತ್ತು ಉರಿಯುವುದು ಇದರಿಂದಲೇ.

ಕವಾಟ ತೆರೆದಾಗ ಅನಿಲವು ಕೂದಲೆಳೆಯಂತಹ ತೂತಿನಿಂದ ಭರ್ರನೆ ಹೊರಡುತ್ತದೆ. ನಳಿಗೆಯ ಬುಡದಲ್ಲಿ ಸಣ್ಣ ಕಂಡಿಗಳಿರುತ್ತವೆ. ವೇಗವಾಗಿ ನುಗ್ಗುವ ಅನಿಲ ಅವುಗಳ ಮೂಲಕ ಹೊರಗಿನ ಗಾಳಿಯನ್ನು ತನ್ನೊಂದಿಗೆ ಎಳೆದುಕೊಳ್ಳುತ್ತದೆ, ಬಸ್ಸು ರಭಸದಿಂದ ಹೋದಾಗ ರಸ್ತೆಬದಿಯ ತರಗೆಲೆ ಹಿಂದೆ ಓಡುವಂತೆ. ಉರಿಯುವ ಮೊದಲೇ ಗಾಳಿ ಬೆರೆಸುವ ಈ ವಿಧಾನ ಪ್ರಸಿದ್ಧವಾದದ್ದು 1850ರ ದಶಕದಲ್ಲಿ, ಜರ್ಮನಿಯ ಹೈಡೆಲ್‌ಬರ್ಗ್‌ನಲ್ಲಿ ರಾಬರ್ಟ್ ಬುನ್ಸನ್ ಅವರ ಪ್ರಯೋಗಾಲಯದ ಬರ್ನರಿನಿಂದ. ಕಾಲೇಜಿನ ರಸಾಯನಶಾಸ್ತ್ರದ ಲ್ಯಾಬಿನಲ್ಲಿ ನೋಡಿದ್ದು ಅದೇ, ಮನೆಯ ಗ್ಯಾಸ್ ಒಲೆಯ ಬರ್ನರ್ ಕೂಡ ಅದೇ ಕುಲದ್ದು. ಗಾಳಿ ಸಾಕಷ್ಟು ಬೆರೆತರೆ ಜ್ವಾಲೆ ನೀಲಿ. ಕಡಿಮೆಯಾದರೆ ಹಳದಿ. ಆ ಹಳದಿ ಎಂದರೆ ಪೂರ್ತಿ ಉರಿಯದೆ ಕಾದು ಹೊಳೆಯುವ ಇಂಗಾಲದ ಕಣಗಳು. ಪಾತ್ರೆಯ ತಳಕ್ಕೆ ಮಸಿ ಹಿಡಿಸುವುದು ಅವೇ.

ಇನ್ನು ಆ ‘ಟಕ್’ ಸದ್ದು. ಒಲೆ ಹಚ್ಚುವ ಗ್ಯಾಸ್ ಲೈಟರಿನ ಸದ್ದೇ ಅದು. ಕೆಲವು ಹರಳುಗಳಿಗೆ ಒತ್ತಡ ಬಿದ್ದರೆ ವಿದ್ಯುತ್ ಹುಟ್ಟುತ್ತದೆ ಎಂಬುದನ್ನು 1880ರಲ್ಲಿ ಜಾಕ್ ಮತ್ತು ಪಿಯರ್ ಕ್ಯೂರಿ ಸಹೋದರರು ಕಂಡುಕೊಂಡರು. ಗುಂಡಿ ಒತ್ತಿದಾಗ ಒಳಗಿನ ಸ್ಪ್ರಿಂಗ್ ಸುತ್ತಿಗೆ ಅಂತಹದೊಂದು ಹರಳಿಗೆ ಬಡಿಯುತ್ತದೆ, ಕಿಡಿ ಹಾರುತ್ತದೆ. ಬ್ಯಾಟರಿಯೂ ಬೇಡ, ಬೆಂಕಿಕಡ್ಡಿಯೂ ಬೇಡ.

ಬಿಸಿ ಹೆಚ್ಚು, ಶಾಖ ಕಡಿಮೆ

ಈಗ ಬದನೆಕಾಯಿಯ ಪ್ರಶ್ನೆ. ಬ್ಯೂಟೇನ್ ಗಾಳಿಯಲ್ಲಿ ಪೂರ್ತಿ ಉರಿದರೆ ಜ್ವಾಲೆಯ ತಾಪಮಾನ ಲೆಕ್ಕದ ಪ್ರಕಾರ ಸುಮಾರು 1,970 ಡಿಗ್ರಿ ಸೆಲ್ಸಿಯಸ್ ಮುಟ್ಟಬಹುದು. ಸುತ್ತಲಿನ ಗಾಳಿ ಬೆರೆಯುವುದರಿಂದ ವಾಸ್ತವದಲ್ಲಿ ಅಷ್ಟು ಬರುವುದಿಲ್ಲ. ಟಾರ್ಚ್ ಮಾರುವವರು ಸಾಮಾನ್ಯವಾಗಿ 1,300 ಡಿಗ್ರಿ ಎಂದು ಪೆಟ್ಟಿಗೆಯ ಮೇಲೆ ಬರೆದಿರುತ್ತಾರೆ. ಅದೂ ಕಡಿಮೆಯೇನಲ್ಲ, ಕೇಕ್ ಬೇಯಿಸುವ ಓವನ್ 180 ಡಿಗ್ರಿಯಲ್ಲಿ ಕೆಲಸ ಮುಗಿಸುತ್ತದೆ.

ಹಾಗಿದ್ದರೆ ಓವನ್ನಿಗಿಂತ ಏಳು ಪಟ್ಟು ಬೇಗ ಬೇಯಬೇಕಲ್ಲವೇ? ಇಲ್ಲ. ಏಕೆಂದರೆ ತಾಪಮಾನ ಬೇರೆ, ಶಾಖದ ಮೊತ್ತ ಬೇರೆ. ದೀಪಾವಳಿಯ ಸುರುಸುರುಬತ್ತಿಯನ್ನು ನೆನೆಯಿರಿ. ಅದರ ಕಿಡಿಗಳು ಸಾವಿರ ಡಿಗ್ರಿಯ ಆಸುಪಾಸಿನಲ್ಲಿ ಹೊಳೆಯುತ್ತವೆ. ಒಂದೆರಡು ಕೈಮೇಲೆ ಬಿದ್ದರೆ ಚುರ್ ಎನ್ನುತ್ತದೆ, ಅಷ್ಟೇ. ಆದರೆ ನೂರೇ ಡಿಗ್ರಿಯ ಕುದಿಯುವ ಸಾರು ಒಂದು ಸೌಟು ಚೆಲ್ಲಿದರೆ ಆಸ್ಪತ್ರೆಯ ದಾರಿ. ಕಿಡಿ ತುಂಬ ಬಿಸಿ, ಆದರೆ ಅದರಲ್ಲಿರುವ ಶಾಖ ಅತ್ಯಲ್ಪ. ಸಾರು ಅಷ್ಟೊಂದು ಬಿಸಿಯಲ್ಲ, ಆದರೆ ಶಾಖ ಯಥೇಚ್ಛ. ಟಾರ್ಚ್ ಈ ವಿಷಯದಲ್ಲಿ ಸುರುಸುರುಬತ್ತಿಯ ಕಡೆಯದು. ಅದರ ಜ್ವಾಲೆ ಮುಟ್ಟುವುದು ಒಂದು ರೂಪಾಯಿ ನಾಣ್ಯದಷ್ಟು ಜಾಗವನ್ನು. ಓವನ್ ಆದರೋ ಎಲ್ಲ ಮಗ್ಗುಲಿನಿಂದಲೂ ಅರ್ಧ ಗಂಟೆ ಒಂದೇ ಸಮನೆ ಶಾಖ ತುಂಬುತ್ತದೆ.

ಎರಡನೆಯ ಕಾರಣ, ಆಹಾರದ ನಿಧಾನ. ಕಬ್ಬಿಣದ ಸೌಟಿನ ಒಂದು ತುದಿ ಕಾಯಿಸಿದರೆ ಇನ್ನೊಂದು ತುದಿಗೆ ಬಿಸಿ ಬೇಗ ತಲುಪುತ್ತದೆ. ತರಕಾರಿ, ಮಾಂಸ ಹಾಗಲ್ಲ. ಅವುಗಳಲ್ಲಿ ಹೆಚ್ಚಿನ ಪಾಲು ನೀರು, ಶಾಖ ಒಳಗೆ ಹರಿಯುವುದು ಇರುವೆಯ ನಡಿಗೆಯಲ್ಲಿ. ಸ್ಥೂಲವಾಗಿ ಹೇಳುವುದಾದರೆ, ಒಂದು ಮಿಲಿಮೀಟರ್ ಆಳಕ್ಕೆ ಇಳಿಯಲು ಏಳು ಸೆಕೆಂಡು ಸಾಕು. ಒಂದು ಸೆಂಟಿಮೀಟರ್ ಆಳಕ್ಕೆ ಬೇಕಾಗುವುದು ಅದರ ಹತ್ತು ಪಟ್ಟಲ್ಲ, ನೂರು ಪಟ್ಟು: ಹನ್ನೆರಡು ನಿಮಿಷದ ಹತ್ತಿರ. ಆಳ ಎರಡು ಪಟ್ಟಾದರೆ ಸಮಯ ನಾಲ್ಕು ಪಟ್ಟಾಗುತ್ತದೆ ಎಂಬುದು ಇಲ್ಲಿನ ಲೆಕ್ಕ. ಹೊರಗಿನ ಬೆಂಕಿ ಎಷ್ಟೇ ಉಗ್ರವಾಗಿದ್ದರೂ ಈ ನಡಿಗೆ ಹೆಚ್ಚೇನೂ ಚುರುಕಾಗುವುದಿಲ್ಲ. ಒಳಕ್ಕೆ ಇಳಿಯಲಾಗದ ಶಾಖ ಮೇಲ್ಮೈಯಲ್ಲೇ ರಾಶಿ ಬಿದ್ದು, ಸಿಪ್ಪೆ ಸೀದುಹೋಗುತ್ತದೆ.

ಟಾರ್ಚಿನ ದೌರ್ಬಲ್ಯವೂ ಇದೇ, ಅದರ ಬೆಲೆಯೂ ಇದೇ. ಒಳಗನ್ನು ಮುಟ್ಟದೆ ಮೇಲ್ಮೈಯನ್ನಷ್ಟೇ ಬದಲಿಸಬೇಕಾದ ಕಡೆ ಇದಕ್ಕೆ ಸಾಟಿ ಇಲ್ಲ. ಇದನ್ನು ಒಲೆ ಎಂದುಕೊಂಡರೆ ನಿರಾಶೆ ಖಂಡಿತ. ಬಣ್ಣ ಬಳಿಯುವ ಕುಂಚ ಎಂದುಕೊಳ್ಳಿ.

ಹೊಂಬಣ್ಣ ಎಲ್ಲಿಂದ ಬರುತ್ತದೆ

ದೋಸೆಯ ಕೆಂಪು, ಬ್ರೆಡ್ಡಿನ ಮೇಲ್ಪದರ, ಹುರಿದ ಮಾಂಸದ ಕಂದು ಇವೆಲ್ಲ ಬಹುಮಟ್ಟಿಗೆ ಒಂದೇ ಬಗೆಯ ರಾಸಾಯನಿಕ ಕ್ರಿಯೆಯ ಫಲ. ಪ್ರೋಟೀನಿನ ಅಂಶಗಳಾದ ಅಮೈನೊ ಆಮ್ಲಗಳು ಸಕ್ಕರೆಯ ಜೊತೆ ಬಿಸಿಯಲ್ಲಿ ಕೂಡಿ ನೂರಾರು ಹೊಸ ಸುವಾಸನೆಗಳನ್ನು ಹುಟ್ಟಿಸುತ್ತವೆ. ಇದನ್ನು 1912ರಲ್ಲಿ ವಿವರಿಸಿದ ಫ್ರಾನ್ಸಿನ ಲೂಯಿ ಕಮಿಲ್ ಮಯ್ಯಾರ್ ಅವರ ಹೆಸರಿನಿಂದಲೇ ಮಯ್ಯಾರ್ ಕ್ರಿಯೆ ಎನ್ನುತ್ತಾರೆ. ಇದು ಚುರುಕಾಗುವುದು ಸುಮಾರು 140 ಡಿಗ್ರಿ ದಾಟಿದ ಮೇಲೆ. ಬರಿಯ ಸಕ್ಕರೆಯೇ ಕರಗಿ, ಬಣ್ಣ ತಿರುಗಿ, ಕೊಂಚ ಕಹಿಯಾಗುವುದು ಇನ್ನೊಂದು ಕ್ರಿಯೆ: ಕ್ಯಾರಮಲ್ ಆಗುವುದು. ಅದಕ್ಕೆ 160–170 ಡಿಗ್ರಿ ಬೇಕು. ಒಂದೆಳೆ ಪಾಕ, ಎರಡೆಳೆ ಪಾಕ, ಗಟ್ಟಿ ಪಾಕ ಎಂದು ಮುಂದುವರಿದು, ನೀರೆಲ್ಲ ಹೋಗಿ, ಇನ್ನೇನು ಸೀದೇಬಿಟ್ಟಿತು ಎನ್ನುವಲ್ಲಿ ಕ್ಯಾರಮಲ್ ಸಿಗುತ್ತದೆ.

ಎರಡಕ್ಕೂ ಅಡ್ಡಗಾಲು ಹಾಕುವುದು ನೀರು. ಒದ್ದೆ ಬಟ್ಟೆಗೆ ಇಸ್ತ್ರಿ ಹಾಕಿದಾಗ ಆವಿ ಏಳುತ್ತದೆ, ಬಟ್ಟೆ ಸುಡುವುದಿಲ್ಲ. ಅದೇ ಒಣಗಿದ ಮೇಲೆ ಇಸ್ತ್ರಿ ಪೆಟ್ಟಿಗೆಯನ್ನು ಮರೆತು ಬಿಟ್ಟರೆ ಕಂದು ಮುದ್ರೆ ಬೀಳುತ್ತದೆ. ಆಹಾರವೂ ಹಾಗೆಯೇ. ಮೇಲೆ ತೇವ ಇರುವಷ್ಟು ಹೊತ್ತು ಅದರ ತಾಪಮಾನ ನೂರರ ಗಡಿ ದಾಟುವುದಿಲ್ಲ. ಹಿಮದಂತೆ ತಣ್ಣಗಿರುವ ನೀರನ್ನು ಕುದಿಬಿಂದುವಿಗೆ ತರಲು ಬೇಕಾದ ಶಾಖದ ಐದು ಪಟ್ಟಿಗೂ ಹೆಚ್ಚು, ಆ ನೀರನ್ನು ಆವಿ ಮಾಡಲು ಬೇಕು. ಟಾರ್ಚಿನ ಹತ್ತಿರ ಇರುವ ಅಲ್ಪ ಶಾಖವೆಲ್ಲ ನೀರು ಓಡಿಸುವುದಕ್ಕೇ ಖರ್ಚಾಗುತ್ತದೆ. ಆದ್ದರಿಂದ ಟಾರ್ಚ್ ಕೈಗೆತ್ತಿಕೊಳ್ಳುವ ಮುನ್ನ ಹತ್ತಿ ಬಟ್ಟೆಯಿಂದ ಮೇಲ್ಮೈಯನ್ನು ಒತ್ತಿ ಒರೆಸುವುದು ಅರ್ಧ ಕೆಲಸ.

ಗಿಣ್ಣಿನ ಮೇಲೊಂದು ಗಾಜು

ಟಾರ್ಚ್ ಮನೆಮಾತಾಗಿದ್ದು ಫ್ರಾನ್ಸಿನ ಕ್ರೆಮ್ ಬ್ರುಲೆಯಿಂದ. ಮೊಟ್ಟೆಯ ಹಳದಿ, ಕೆನೆ, ಸಕ್ಕರೆ ಸೇರಿಸಿ ಹದವಾಗಿ ಬೇಯಿಸಿದ ಮೆತ್ತನೆಯ ತಿನಿಸು. ಮೇಲೆ ಚಮಚದಲ್ಲಿ ತಟ್ಟಿದರೆ ‘ಟಣ್’ ಎಂದು ಒಡೆಯುವ ಸುಟ್ಟ ಸಕ್ಕರೆಯ ಹಾಳೆ. ಫ್ರೆಂಚ್ ಬಾಣಸಿಗ ಫ್ರಾಂಸ್ವಾ ಮಾಸಿಯಾಲೊ ಅವರ 1691ರ ಪಾಕಪುಸ್ತಕದಲ್ಲೇ ಈ ಹೆಸರಿನ ತಿನಿಸಿದೆ. ಆಗ ಬ್ಯೂಟೇನ್ ಎಲ್ಲಿಂದ ಬರಬೇಕು? ಒಲೆಯ ಸಲಿಕೆಯನ್ನು ಕೆಂಪಗೆ ಕಾಯಿಸಿ ಸಕ್ಕರೆಯ ಮೇಲೆ ಹಿಡಿಯುತ್ತಿದ್ದರು.

ನಮ್ಮಲ್ಲಿ ಇದಕ್ಕೆ ಹೊಂದುವ ತಿನಿಸು ಗಿಣ್ಣು. ಕರು ಹಾಕಿದ ಹಸುವಿನ ಮೊದಲ ಹಾಲಿನಲ್ಲಿ ಬಿಸಿಗೆ ಹೆಪ್ಪುಗಟ್ಟುವ ಪ್ರೋಟೀನುಗಳು ಎಷ್ಟು ಹೇರಳವೆಂದರೆ ಮೊಟ್ಟೆ ಇಲ್ಲದೆಯೇ ಅದು ಗಟ್ಟಿಯಾಗುತ್ತದೆ. ಊರಿನಿಂದ ಗಿಣ್ಣದ ಹಾಲು ಬಂದ ದಿನ, ಬೆಲ್ಲ, ಏಲಕ್ಕಿ ಹಾಕಿ ಚಿಕ್ಕ ಸ್ಟೀಲ್ ಬಟ್ಟಲುಗಳಲ್ಲಿ ಹಬೆಯಲ್ಲಿ ಬೇಯಿಸಿ, ರಾತ್ರಿಯಿಡೀ ಫ್ರಿಜ್ಜಿನಲ್ಲಿಟ್ಟೆವು. ಮರುದಿನ ನಡೆದದ್ದು ಹೀಗೆ.

ಗಿಣ್ಣಿನ ಮೇಲೆ ಬೆವರಿನಂತೆ ನೀರು ಕೂತಿತ್ತು. ಬಟ್ಟೆಯ ಚೂರಿನಿಂದ ಒತ್ತಿ ತೆಗೆದಾಯಿತು. ಒಂದು ಚಮಚ ಬಿಳಿ ಸಕ್ಕರೆ ಉದುರಿಸಿ, ಬಟ್ಟಲನ್ನು ಓರೆಮಾಡಿ ತಿರುಗಿಸಿ, ಎಲ್ಲೆಡೆ ಒಂದೇ ಪದರ ಬರುವಂತೆ ಮಾಡಿ, ಹೆಚ್ಚಾದದ್ದನ್ನು ಸುರಿದೆ. ಟಾರ್ಚನ್ನು ಗೋಡೆಯ ಕಡೆಗೂ ಅಲ್ಲ, ಬಟ್ಟಲಿನ ಕಡೆಗೂ ಅಲ್ಲ, ಖಾಲಿ ಜಾಗದತ್ತ ತಿರುಗಿಸಿ ಹಚ್ಚಿದೆ. ಜ್ವಾಲೆ ನೀಲಿಗೆ ನಿಂತ ಮೇಲೆ ಮೂರು ನಾಲ್ಕು ಅಂಗುಲ ದೂರದಿಂದ ಸಕ್ಕರೆಯ ಮೇಲೆ ತಂದೆ. ಮೊದಲ ಒಂದೆರಡು ಸೆಕೆಂಡು ಏನೂ ಇಲ್ಲ. ಬಟ್ಟಲಿನ ಅಂಚಿಗೆ ಮಂಜು ಕಟ್ಟಿತು. ಬ್ಯೂಟೇನ್ ಉರಿದಾಗ ಹುಟ್ಟುವ ನೀರಾವಿ ತಣ್ಣನೆಯ ಸ್ಟೀಲಿಗೆ ತಾಗಿದ್ದು. ಆಮೇಲೆ ಹರಳುಗಳು ಅಂಚಿನಿಂದ ಕರಗಿ ಮಣಿಮಣಿಯಾದವು. ಮಣಿಗಳು ಒಂದಕ್ಕೊಂದು ಸೇರಿ ಕೊಳವಾಯಿತು. ಕೊಳದಲ್ಲಿ ಗುಳ್ಳೆ, ಗುಳ್ಳೆಯ ಸುತ್ತ ಜೇನಿನ ಬಣ್ಣ, ಅದರ ಬೆನ್ನಿಗೇ ತಾಮ್ರದ ಬಣ್ಣ. ಕೈ ಒಂದು ಕ್ಷಣ ನಿಂತ ಕಡೆ ಕಪ್ಪು ಚುಕ್ಕೆ. ಇಸ್ತ್ರಿಯ ಹಾಗೆ ಕೈ ಚಲಿಸುತ್ತಲೇ ಇರಬೇಕು ಎಂಬುದು ಆ ಚುಕ್ಕೆಯಿಂದ ತಿಳಿಯಿತು.

ಕೂಡಲೇ ತಿನ್ನಬಾರದು. ಕರಗಿದ ಸಕ್ಕರೆ ಗಾಜಿನಂತೆ ಬಿಗಿಯಾಗಲು ಎರಡು ನಿಮಿಷ ಬೇಕು. ಹಾಗೆಂದು ಗಂಟೆಗಟ್ಟಲೆ ಇಡುವಂತೆಯೂ ಇಲ್ಲ. ಸಕ್ಕರೆಗೆ ನೀರಿನ ಆಸೆ ಬಹಳ. ಕೆಳಗಿನ ತೇವ ಹೀರಿ ಹಾಳೆ ಅಂಟಂಟಾಗುತ್ತದೆ. ಕೆಳಗಿನ ಗಿಣ್ಣು ಮಾತ್ರ ಫ್ರಿಜ್ಜಿನಿಂದ ತೆಗೆದಷ್ಟೇ ತಂಪು. ಅದೇ ಬಟ್ಟಲನ್ನು ಓವನ್ನಿನಲ್ಲಿಟ್ಟಿದ್ದರೆ ಸಕ್ಕರೆ ಕರಗುವ ಹೊತ್ತಿಗೆ ಗಿಣ್ಣು ನೀರು ಬಿಟ್ಟಿರುತ್ತಿತ್ತು.

ಮೇಲೆ ಬೆಲ್ಲದ ಪುಡಿಯನ್ನೇ ಏಕೆ ಹಾಕಬಾರದು ಎಂದು ಮನೆಯಲ್ಲಿ ಕೇಳಿದರು. ಹಾಕಿ ನೋಡಿದೆವು, ಕಪ್ಪಾಯಿತು. ಬೆಲ್ಲದಲ್ಲಿ ಗ್ಲೂಕೋಸ್, ಫ್ರಕ್ಟೋಸ್‌ನಂತಹ ಬಿಡಿ ಸಕ್ಕರೆಗಳೂ ಇತರ ಅಂಶಗಳೂ ಇರುವುದರಿಂದ ಅದು ಬಿಳಿ ಸಕ್ಕರೆಗಿಂತ ಬೇಗ ಸೀಯುತ್ತದೆ. ತೇವವೂ ಜಾಸ್ತಿ.

ಇಂಡಕ್ಷನ್ ಮನೆಯಲ್ಲಿ ಯಾವುದಾಗುತ್ತದೆ, ಯಾವುದಿಲ್ಲ

ಬದನೆಕಾಯಿಗೆ ಕೆಲಸವನ್ನು ಎರಡು ಭಾಗ ಮಾಡಬೇಕು. ಮೊದಲು ಸಿಪ್ಪೆಗೆ ಎಣ್ಣೆ ಸವರಿ, ಅಲ್ಲಲ್ಲಿ ಚುಚ್ಚಿ, ದಪ್ಪ ತಳದ ಬಾಣಲೆಯಲ್ಲಿ ಮುಚ್ಚಿ, ಮಗ್ಗುಲು ಬದಲಿಸುತ್ತ ಮೆತ್ತಗಾಗುವವರೆಗೆ ಬೇಯಿಸುವುದು. ಬೆಂದ ಮೇಲೆ ಒರೆಸಿ, ಸ್ಟೀಲ್ ತಟ್ಟೆಯಲ್ಲಿಟ್ಟು, ಟಾರ್ಚಿನಿಂದ ಸಿಪ್ಪೆಯನ್ನು ಕರಕಲು ಮಾಡುವುದು. ಆಮೇಲೆ ಹತ್ತು ನಿಮಿಷ ಪಾತ್ರೆ ಬೋರಲು ಹಾಕಿ ಬಿಟ್ಟರೆ ಸುಟ್ಟ ಸಿಪ್ಪೆಯ ಘಮ ತಿರುಳಿಗೆ ಸ್ವಲ್ಪ ಇಳಿಯುತ್ತದೆ. ಕೆಂಡದಲ್ಲಿ ಹೂತು ಸುಟ್ಟದ್ದಕ್ಕೆ ಇದು ಸಮವೇ? ಅಲ್ಲ. ಬ್ಯೂಟೇನ್ ಉರಿದರೆ ಬರುವುದು ಇಂಗಾಲದ ಡೈಆಕ್ಸೈಡ್ ಮತ್ತು ನೀರಾವಿ, ಎರಡಕ್ಕೂ ಪರಿಮಳವಿಲ್ಲ. ಸೌದೆಯ ಹೊಗೆಯ ಘಮ ಹುಟ್ಟುವುದು ಮರದಲ್ಲಿರುವ ಲಿಗ್ನಿನ್ ಎಂಬ ವಸ್ತು ಸುಟ್ಟಾಗ. ಟಾರ್ಚ್ ಕೊಡುವುದು ಸುಟ್ಟ ರುಚಿಯನ್ನು, ಹೊಗೆಯ ರುಚಿಯನ್ನಲ್ಲ. ಹೊಗೆಯೇ ಬೇಕೆನ್ನುವವರು ತೆಂಗಿನ ಚಿಪ್ಪಿನ ಇದ್ದಿಲ ಚೂರೊಂದನ್ನು ಟಾರ್ಚಿನಿಂದ ಕೆಂಡ ಮಾಡಿ, ಸ್ಟೀಲ್ ಬಟ್ಟಲಿನಲ್ಲಿ ಗೊಜ್ಜಿನ ನಡುವೆ ಇರಿಸಿ, ತುಪ್ಪದ ಹನಿ ಬಿಟ್ಟು ಮುಚ್ಚಬಹುದು. ಇದ್ದಿಲಿನಿಂದ ಇಂಗಾಲದ ಮಾನಾಕ್ಸೈಡ್ ಎಂಬ ವಿಷಾನಿಲ ಬರುವುದರಿಂದ ಆಗ ಕಿಟಕಿ ತೆರೆದಿರಲಿ.

ಬಾಳೆ ಎಲೆ ಬಾಡಿಸುವುದಕ್ಕೆ ಇದರಷ್ಟು ಹಿತವಾದ ಸಾಧನ ಇನ್ನೊಂದಿಲ್ಲ. ಜ್ವಾಲೆಯನ್ನು ದೂರದಿಂದ ಎಲೆಯ ಮೇಲೆ ಹಾಯಿಸಿದರೆ, ಹಾದ ಹಾದಲ್ಲೆಲ್ಲ ಮಂಕು ಹಸಿರು ಕಡುಹಸಿರಾಗಿ ಮಿರುಗುತ್ತದೆ. ಎಲೆಯ ಮೇಲಿನ ಮೇಣದ ತೆಳುಪದರ ಕರಗಿದ ಗುರುತು ಅದು. ಮಡಚಿದರೆ ಸೀಳುವುದಿಲ್ಲ. ಎಲೆಯಲ್ಲಿ ಮಡಚಿ ಬೇಯಿಸುವ ಕಡುಬು, ‘ಗಟ್ಟಿ’ಯಂತಹ ತಿನಿಸು ಮಾಡುವ ಮನೆಯವರಿಗೆ ಇದೊಂದಕ್ಕಾಗಿಯೇ ಟಾರ್ಚ್ ಇಷ್ಟವಾದೀತು.

ಪುಕ್ಕ ಕಿತ್ತ ನಾಟಿ ಕೋಳಿಗೆ ಅರಿಶಿನ ಹಚ್ಚಿ ಒಣಹುಲ್ಲಿನ ಉರಿಯಲ್ಲಿ ಸುಡುವ ರೂಢಿ ನಮ್ಮ ಹಳ್ಳಿಗಳದು. ಉಳಿದ ನವಿರು ಪುಕ್ಕ ಸುಟ್ಟು, ಚರ್ಮ ಬಿಗಿಯಾಗುತ್ತದೆ. ಅಪಾರ್ಟ್‌ಮೆಂಟಿನಲ್ಲಿ ಹುಲ್ಲು ಉರಿಸಲಾದೀತೇ? ಟಾರ್ಚ್ ಆ ಕೆಲಸವನ್ನು ಅಚ್ಚುಕಟ್ಟಾಗಿ ಮಾಡುತ್ತದೆ. ಕೂದಲು ಸುಟ್ಟ ವಾಸನೆ ಮಾತ್ರ ಮನೆ ತುಂಬುತ್ತದೆ, ಬಾಲ್ಕನಿಯೇ ಲೇಸು. ಮುಸುಕಿನ ಜೋಳಕ್ಕೂ ಬದನೆಕಾಯಿಯ ಸೂತ್ರವೇ: ಬೇಯಿಸಿ, ಒರೆಸಿ, ಸುಟ್ಟು, ನಿಂಬೆ ಹೋಳಿನಿಂದ ಉಪ್ಪು ಖಾರ ಉಜ್ಜುವುದು. ಟೊಮೆಟೊ, ದೊಣ್ಣೆಮೆಣಸಿನಕಾಯಿಯ ಸಿಪ್ಪೆ ಸುಲಿಯಲು ಎರಡು ನಿಮಿಷ ಸಾಕು.

ಹಪ್ಪಳದಲ್ಲಿ ನಾನು ಸೋತೆ. ಹಪ್ಪಳ ಉಬ್ಬಲು ಎಲ್ಲೆಡೆ ಸಮನಾದ ಬಿಸಿ ಬೇಕು, ಈ ಚೂಪು ಜ್ವಾಲೆ ಒಂದೆಡೆ ತೂತು ಸುಟ್ಟು ಇನ್ನೊಂದೆಡೆ ಹಸಿ ಬಿಡುತ್ತದೆ. ಮೈಕ್ರೊವೇವ್ ಇದ್ದರೆ ಅದೇ ವಾಸಿ. ಫುಲ್ಕಾ, ಜೋಳದ ರೊಟ್ಟಿ ಉಬ್ಬಿಸಲು ಹೆಂಚಿನ ಮೇಲೆ ಬಟ್ಟೆಯಲ್ಲಿ ಒತ್ತುವ ಹಳೆಯ ವಿದ್ಯೆಯೇ ಸರಿ.

ಒಂದು ಎಚ್ಚರಿಕೆಯನ್ನು ಇಲ್ಲಿಯೇ ಹೇಳಬೇಕು. ಜಪಾನಿನಲ್ಲಿ ಹಸಿ ಮೀನಿನ ಮೇಲ್ಭಾಗವನ್ನಷ್ಟೇ ಟಾರ್ಚಿನಿಂದ ಸುಟ್ಟು ‘ಅಬುರಿ’ ಎಂದು ಬಡಿಸುತ್ತಾರೆ. ಅಲ್ಲಿ ಬಳಸುವುದು ಹಸಿಯಾಗಿಯೇ ತಿನ್ನಲೆಂದು ಜೋಪಾನ ಮಾಡಿದ ಮೀನು. ನಮ್ಮ ಮಾರುಕಟ್ಟೆಯ ಬಂಗುಡೆಗೆ ಹಾಗೆ ಮಾಡಿ, ಮೇಲೆ ಸುಟ್ಟಿದೆ, ಆದ್ದರಿಂದ ಬೆಂದಿದೆ ಎಂದುಕೊಳ್ಳಬಾರದು. ಒಂದೆರಡು ಮಿಲಿಮೀಟರಿನ ಕೆಳಗೆ ಎಲ್ಲವೂ ಹಸಿಯೇ.

ಗ್ಯಾಸಿನ ಕಮಟು ಏಕೆ?

ಹೊಸದಾಗಿ ಬಳಸುವವರ ದೊಡ್ಡ ದೂರು ಇದು: ತಿಂದರೆ ಪೆಟ್ರೋಲ್ ಬಂಕಿನ ನೆನಪಾಗುತ್ತದೆ. ಜ್ವಾಲೆಯನ್ನು ಗಮನಿಸಿದರೆ ಉತ್ತರ ಕಾಣುತ್ತದೆ. ನಳಿಗೆಯ ಬಾಯಲ್ಲಿ ಕಡುನೀಲಿಯ ಪುಟ್ಟ ಶಂಕು, ಅದರ ಸುತ್ತ ತೆಳುನೀಲಿಯ ಉದ್ದ ಹೊದಿಕೆ. ಶಂಕುವಿನೊಳಗೆ ಇರುವುದು ಇನ್ನೂ ಉರಿಯದ ಅನಿಲ. ಅತಿ ಹೆಚ್ಚು ಬಿಸಿ ಇರುವುದು ಶಂಕುವಿನ ತುದಿಯ ಸ್ವಲ್ಪ ಮುಂದೆ. ಬೇಗ ಆಗಲಿ ಎಂದು ನಳಿಗೆಯನ್ನು ತೀರ ಹತ್ತಿರ ತಂದರೆ ಉರಿಯದ ಅನಿಲ ನೇರವಾಗಿ ಆಹಾರಕ್ಕೆ ಬಡಿಯುತ್ತದೆ. ಆಹಾರದ ಕಡೆ ಮುಖಮಾಡಿ ಹಚ್ಚಿದರೂ ಅಷ್ಟೇ, ಕಿಡಿ ಹತ್ತುವ ಮುಂಚಿನ ಅನಿಲವೆಲ್ಲ ಅದರ ಮೇಲೆ. ಎಣ್ಣೆ, ಕೊಬ್ಬು ಒಂದೇ ಜಾಗದಲ್ಲಿ ಅತಿಯಾಗಿ ಕಾದು ಒಡೆದಾಗಲೂ ಇಂಥದೇ ಕಮಟು ಬರುತ್ತದೆ.

ಇದಕ್ಕೆ ಅಮೆರಿಕದ ಅಡುಗೆ ತಜ್ಞ ಡೇವ್ ಆರ್ನಾಲ್ಡ್ 2013ರಲ್ಲಿ ಒಂದು ಉಪಾಯ ಮುಂದಿಟ್ಟರು. ಸಿಯರ್‌ಝಾಲ್ ಎಂಬ ಅವರ ಸಾಧನವನ್ನು ಟಾರ್ಚಿನ ಮುಂದೆ ಜೋಡಿಸಿದರೆ, ಜ್ವಾಲೆ ಅದರ ಲೋಹದ ಜಾಲರಿಯನ್ನು ಕೆಂಪಗೆ ಕಾಯಿಸುತ್ತದೆ. ಆಹಾರಕ್ಕೆ ತಾಗುವುದು ಮುಖ್ಯವಾಗಿ ಜಾಲರಿಯ ಶಾಖ. 1691ರ ಕೆಂಪು ಸಲಿಕೆ ಹೊಸ ವೇಷದಲ್ಲಿ ಮರಳಿ ಬಂದಂತೆ! ಮನೆಯ ಮಟ್ಟಿಗೆ ಜ್ವಾಲೆ ನೀಲಿಗೆ ನಿಲ್ಲುವವರೆಗೆ ಕಾಯುವುದು, ದೂರ ಕಾಯ್ದುಕೊಳ್ಳುವುದು ಇಷ್ಟೇ ಸಾಕು.

ಅಂದಹಾಗೆ, ಪೂರ್ತಿ ಕಪ್ಪಾದದ್ದನ್ನು ರುಚಿ ಎಂದು ತಿನ್ನುವುದು ಬೇಡ. ಪಿಷ್ಟ ಇರುವ ಆಹಾರ ಅತಿಯಾಗಿ ಕಾದಾಗ ಅಕ್ರಿಲಮೈಡ್ ಎಂಬ ವಸ್ತು ಹುಟ್ಟುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ ಅದನ್ನು ಮನುಷ್ಯರಲ್ಲಿ ಬಹುಶಃ ಕ್ಯಾನ್ಸರ್ ತರಬಲ್ಲದ್ದು ಎಂದು ವರ್ಗೀಕರಿಸಿದೆ. ಹೊಂಬಣ್ಣದಲ್ಲಿ ನಿಲ್ಲಿಸಿ, ಕರಕಲನ್ನು ಕೆರೆದು ತೆಗೆಯಿರಿ.

ಬೆಂಕಿಯ ಜೊತೆಗಿನ ಶಿಸ್ತು

ಬ್ಯೂಟೇನ್ ಗಾಳಿಗಿಂತ ಸುಮಾರು ಎರಡು ಪಟ್ಟು ಭಾರ. ಸೋರಿದರೆ ಮೇಲೇರಿ ಕಿಟಕಿಯಿಂದ ಹೋಗುವುದಿಲ್ಲ. ನೀರಿನ ಹಾಗೆ ನೆಲಕ್ಕಿಳಿದು ಮೂಲೆ, ಸಿಂಕಿನ ಕೆಳಗಿನ ಕಪಾಟು ಹುಡುಕಿಕೊಂಡು ಕೂರುತ್ತದೆ. ಮನೆಯ ಸಿಲಿಂಡರಿನ ಅನಿಲಕ್ಕೆ ಸೋರಿಕೆ ಗೊತ್ತಾಗಲೆಂದೇ ಕೆಟ್ಟ ವಾಸನೆ ಬೆರೆಸಿರುತ್ತಾರೆ. ಟಾರ್ಚಿಗೆ ಹಾಕುವ ಶುದ್ಧೀಕರಿಸಿದ ಬ್ಯೂಟೇನ್‌ನಲ್ಲಿ ವಾಸನೆ ತೀರ ಮಂದವಾಗಿರಬಹುದು, ಆದ್ದರಿಂದ ಮೂಗನ್ನೇ ನಂಬಿ ಕೂರುವಂತಿಲ್ಲ. ಅನುಮಾನ ಬಂದರೆ ಜೋಡಣೆಗೆ ಸೋಪಿನ ನೊರೆ ಹಚ್ಚಿ ನೋಡಬೇಕು. ಗುಳ್ಳೆ ಎದ್ದರೆ ಸೋರುತ್ತಿದೆ.

ಟಾರ್ಚುಗಳಲ್ಲಿ ಎರಡು ಬಗೆ. ಒಂದು, ಹೊಟ್ಟೆಗೆ ಅನಿಲ ತುಂಬಿಸಿಕೊಳ್ಳುವ ಪುಟ್ಟದು. ಇನ್ನೊಂದು, ಅನಿಲದ ಡಬ್ಬಿಯ ತಲೆಗೆ ಸಿಕ್ಕಿಸುವ ದೊಡ್ಡ ನಳಿಗೆ. ಪುಟ್ಟದರ ಕವಾಟ ಮುಚ್ಚಿ, ತಲೆಕೆಳಗು ಹಿಡಿದು, ಡಬ್ಬಿಯನ್ನು ಮೇಲಿನಿಂದ ನೆಟ್ಟಗೆ ಒತ್ತಿ ತುಂಬಿಸಬೇಕು. ದ್ರವ ತನ್ನ ಭಾರಕ್ಕೆ ಕೆಳಗಿಳಿಯುತ್ತದೆ. ತುಂಬಿಸುವುದು ಗಾಳಿಯಾಡುವ ಕಡೆ, ಹತ್ತಿರ ಯಾವ ಉರಿಯೂ ಇಲ್ಲದಾಗ, ದೇವರ ದೀಪವೂ ಸೇರಿದಂತೆ. ತುಂಬಿದ ಕೂಡಲೇ ಹಚ್ಚದೆ ಐದು ನಿಮಿಷ ಬಿಡಬೇಕು, ಚೆಲ್ಲಿದ ಅನಿಲ ಚದುರಲಿ. ಮನೆಯ ಎಲ್‌ಪಿಜಿ ಸಿಲಿಂಡರಿನಿಂದ ಟಾರ್ಚಿಗೆ ತುಂಬಿಸುವ ಸಾಹಸ ಎಂದಿಗೂ ಸಲ್ಲದು. ಅದರಲ್ಲಿರುವ ಪ್ರೊಪೇನ್‌ನ ಒತ್ತಡ ಬ್ಯೂಟೇನ್‌ಗಿಂತ ಹಲವು ಪಟ್ಟು; ಟಾರ್ಚಿನ ಹೊಟ್ಟೆ ಅದಕ್ಕೆಂದು ಮಾಡಿದ್ದಲ್ಲ.

ಡಬ್ಬಿಯ ಬಗೆಯದನ್ನು ಉರಿಯುವಾಗ ತಟ್ಟನೆ ಬಗ್ಗಿಸಿದರೆ ದ್ರವವೇ ನಳಿಗೆಗೆ ನುಗ್ಗಿ, ಮಾರುದ್ದದ ಹಳದಿ ಜ್ವಾಲೆ ಏಳಬಹುದು. ಹಚ್ಚಿ ಅರ್ಧ ನಿಮಿಷ ನೆಟ್ಟಗೆ ಹಿಡಿದು ನಳಿಗೆ ಕಾದ ಮೇಲೆ ಬಗ್ಗಿಸಿದರೆ ಈ ಕಾಟ ಕಡಿಮೆ. ಬಗ್ಗಿಸಿದರೂ ಜ್ವಾಲೆ ಹಿಗ್ಗದಂತೆ ಮಾಡಿದ ಟಾರ್ಚುಗಳು ಸಿಗುತ್ತವೆ. ಕೊಳ್ಳುವಾಗ ಕೇಳಬೇಕಾದ ಮೊದಲ ಗುಣ ಅದು, ಎರಡನೆಯದು ಗುಂಡಿ ತಾನಾಗಿ ಒತ್ತಿಕೊಳ್ಳದಂತೆ ತಡೆಯುವ ಬೀಗ.

ಸೆರಗು, ದುಪಟ್ಟಾ ಕಟ್ಟಿಕೊಂಡು, ಕೂದಲು ಗಂಟು ಹಾಕಿ, ಫ್ಯಾನ್ ಆರಿಸಿ ಕೆಲಸಕ್ಕೆ ಇಳಿಯುವುದು ಒಳ್ಳೆಯದು. ಕೈಗೆ ಸ್ಯಾನಿಟೈಸರ್ ಹಚ್ಚಿದ್ದರೆ ಪೂರ್ತಿ ಆರಲಿ, ಅದರಲ್ಲಿರುವುದು ಉರಿಯುವ ಆಲ್ಕೋಹಾಲ್. ಕೆಳಗಿಡುವ ಪಾತ್ರೆ ಸ್ಟೀಲ್ ಅಥವಾ ಕಬ್ಬಿಣದ್ದಾಗಿರಲಿ. ಸಾಮಾನ್ಯ ಗಾಜು ಸೀಳುತ್ತದೆ. ನಾನ್‌ಸ್ಟಿಕ್ ಲೇಪ 260 ಡಿಗ್ರಿ ದಾಟಿದರೆ ಹಾಳಾಗಲು ತೊಡಗುತ್ತದೆ, ಇನ್ನೂ ಕಾದರೆ ಹಾನಿಕರ ಹೊಗೆ ಬಿಡುತ್ತದೆ. ಟಾರ್ಚಿಗೆ ಆ ಗಡಿ ದಾಟಲು ಕೆಲವೇ ಸೆಕೆಂಡು ಬೇಕು. ಗ್ರಾನೈಟ್ ಕಟ್ಟೆಯ ಮೇಲೆ ನೇರವಾಗಿ ಜ್ವಾಲೆ ಹಾಯಿಸಿದರೆ ಕಲ್ಲೂ ಬಿರಿಯಬಹುದು. ಕರಗಿದ ಸಕ್ಕರೆ ಚರ್ಮಕ್ಕೆ ತಾಗಿದರೆ ಅಂಟಿಕೊಂಡೇ ಸುಡುತ್ತದೆ. ಕೂಡಲೇ ಹರಿಯುವ ನೀರಿನ ಕೆಳಗೆ ಇಪ್ಪತ್ತು ನಿಮಿಷ ಹಿಡಿಯಬೇಕು, ಟೂತ್‌ಪೇಸ್ಟ್ ಬಳಿಯುವುದಲ್ಲ.

ಕೆಲಸ ಮುಗಿದ ಮೇಲೆ ನಳಿಗೆ ಹಲವು ನಿಮಿಷ ಸುಡುತ್ತಲೇ ಇರುತ್ತದೆ, ಆದರೆ ನೋಡಿದರೆ ತಣ್ಣಗಿದ್ದಂತೆ ಕಾಣುತ್ತದೆ. ಅದು ಆರುವವರೆಗೆ ಮಕ್ಕಳ ಕೈಗೆಟುಕದ ಕಡೆ ನಿಲ್ಲಿಸಿಡಿ. ಡಬ್ಬಿಯ ಮೈ ಮುಟ್ಟಿ ನೋಡಿದರೆ ಅಚ್ಚರಿ: ಬೆಂಕಿ ಉಗುಳಿದ ಡಬ್ಬಿ ತಣ್ಣಗಿರುತ್ತದೆ. ಮಣ್ಣಿನ ಹೂಜಿ ನೀರು ತಂಪಾಗಿಸುವ ಗುಟ್ಟೇ ಇದು. ಆವಿಯಾಗಲು ಬೇಕಾದ ಶಾಖವನ್ನು ದ್ರವ ತನ್ನ ಮೈಯಿಂದಲೇ ತೆಗೆದುಕೊಳ್ಳುತ್ತದೆ. ಹೆಚ್ಚು ಹೊತ್ತು ಉರಿಸಿದರೆ ಜ್ವಾಲೆ ಸೊರಗುವುದು ಇದರಿಂದ. ಹಿಮ ಬೀಳುವ ಊರುಗಳಲ್ಲಿರುವ ಕನ್ನಡಿಗರು ಚಳಿಗಾಲದಲ್ಲಿ ಬಾಲ್ಕನಿಗೆ ಹೋಗಿ ಹಚ್ಚಿದರೆ ಬರಿಯ ಬ್ಯೂಟೇನ್ ಹೊತ್ತಿಕೊಳ್ಳದೆಯೂ ಇರಬಹುದು, ಸೊನ್ನೆಯ ಕೆಳಗೆ ಅದು ಕುದಿಯುವುದಿಲ್ಲ, ನಳಿಗೆಯಿಂದ ನುಗ್ಗುವಷ್ಟು ಒತ್ತಡ ಹುಟ್ಟುವುದಿಲ್ಲ. ಅಂಥ ಕಡೆ ಪ್ರೊಪೇನ್ ಅಥವಾ ಐಸೊಬ್ಯೂಟೇನ್ ಬೆರೆಸಿದ ಡಬ್ಬಿಗಳನ್ನು, ಅವುಗಳಿಗೆಂದೇ ಮಾಡಿದ ಟಾರ್ಚಿನೊಂದಿಗೆ, ಬಳಸುತ್ತಾರೆ. ನಮ್ಮಲ್ಲಿ ತೊಂದರೆ ಇದರ ತಿರುಗುಮುರುಗು. ಡಬ್ಬಿಯನ್ನು 50 ಡಿಗ್ರಿಗಿಂತ ಹೆಚ್ಚು ಬಿಸಿಯಲ್ಲಿ ಇಡಬೇಡಿ ಎಂದು ಅದರ ಮೈಮೇಲೇ ಬರೆದಿರುತ್ತದೆ. ಕಲಬುರಗಿಯ ಮೇ ತಿಂಗಳ ಬಿಸಿಲಲ್ಲಿ ಗಾಜು ಏರಿಸಿ ನಿಲ್ಲಿಸಿದ ಕಾರಿನೊಳಗೆ ಆ ಗಡಿ ಸುಲಭವಾಗಿ ದಾಟುತ್ತದೆ, ಒಲೆಯ ಪಕ್ಕದ ಕಪಾಟಿನಲ್ಲೂ ದಾಟಬಹುದು. ಊರಿಗೆ ಹೋಗುವಾಗ ಚೀಲಕ್ಕೆ ಹಾಕಿಕೊಂಡು ವಿಮಾನ ಹತ್ತಲೂ ಬಿಡುವುದಿಲ್ಲ. ಅನಿಲದ ಡಬ್ಬಿಗೆ ಕೈಚೀಲದಲ್ಲೂ ಜಾಗವಿಲ್ಲ, ಸರಕಿನ ಪೆಟ್ಟಿಗೆಯಲ್ಲೂ ಇಲ್ಲ.